ಕೆರೆಯಾಚೆಯ ಹೊಸ ನಕ್ಷತ್ರ

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಕಾರ್ತಿಕ ಮಾಸದಲ್ಲಿ ನಾನೊಂದು ನಕ್ಷತ್ರ ಕಂಡುಹಿಡಿದೆ. ಆಗ ದಬ್ಬೇಘಟ್ಟದ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಇದ್ದಕ್ಕಿದ್ದಂತೆ ಹೊಳೆದು ಕೆಲವೇ ದಿನಗಳಲ್ಲಿ ಮಂಕಾಗುವ ನಕ್ಷತ್ರಗಳುಂಟು, ಅವನ್ನು ಎಷ್ಟೋ ಸಲ ಮೊದಲು ನೋಡುವವರು ನನ್ನಂಥ ಹವ್ಯಾಸಿಗಳೇ ಎಂದು ಎಲ್ಲೋ ಓದಿದ್ದೆ. ಸಾಯುವುದರೊಳಗೆ ಅಂಥದ್ದೊಂದನ್ನು ಎಲ್ಲರಿಗಿಂತ ಮೊದಲು ನೋಡಬೇಕು ಅನ್ನುವ ಹುಚ್ಚು ಅಂದೇ ಹಿಡಿಯಿತು.

ದಿನಾ ಸಂಜೆ ತಾರಸಿಯ ದೀಪ ಆರಿಸಿ ಪಡುವಲ ಕಡೆ ನೋಡುತ್ತ ಕೂರುತ್ತಿದ್ದೆ. ನೋಟ್‌ಬುಕ್ಕಿನಲ್ಲಿ ದಿನಾಂಕ, ಹೊತ್ತು, ಹೊಳಪು ಎಂದು ಕಾಲಂ ಗೆರೆ ಎಳೆದಿದ್ದೆ. ಕೊನೆಯದು ‘ಕಂಡವರು’. ಅಲ್ಲಿ ನನ್ನ ಹೆಸರು ಬಿಟ್ಟು ಇನ್ಯಾರದೂ ಬರುವ ಸಂಭವವಿರಲಿಲ್ಲ, ಆದರೂ ಎಳೆದಿದ್ದೆ. ಹೆಂಡತಿಯನ್ನೂ ಕರೆದು ಶ್ರವಣ ನಕ್ಷತ್ರವನ್ನು, ಅದರ ಸುತ್ತಲಿನ ಪುಡಿ ನಕ್ಷತ್ರಗಳನ್ನು ತೋರಿಸುತ್ತಿದ್ದೆ. ಒಲೆ ಮೇಲೆ ಸಾರು ಇದೆ ಎನ್ನುತ್ತಲೇ ಅವಳು ಎಲ್ಲವನ್ನೂ ನೋಡಿ ನೆನಪಿಟ್ಟುಕೊಳ್ಳುತ್ತಿದ್ದಳು.

ಒಂದು ಸಂಜೆ ಶ್ರವಣಕ್ಕಿಂತ ಬಹಳ ಕೆಳಗೆ, ಕೆರೆಯಾಚೆಯ ತೆಂಗಿನ ತಲೆಗಳ ಮೇಲೆ, ಕೆಂಪಗೆ ಒಂದು ಹೊಸ ಚುಕ್ಕಿ ಕಂಡಿತು. ನೋಡನೋಡುತ್ತಲೇ ಜಗ್ಗನೆ ಹೊಳೆಯಿತು, ಅರ್ಧ ಗಂಟೆಯಲ್ಲಿ ಮಂಕಾಯಿತು. ಮಾರನೆಯ ದಿನವೂ ಹಾಗೇ. ನೋಟ್‌ಬುಕ್ಕಿನಲ್ಲಿ ಎರಡೂ ದಿನದ್ದನ್ನು ಬರೆದುಕೊಂಡೆ. ಹೆಡ್‌ಮಾಸ್ಟರಿಗೆ ಹೇಳಿದೆ. ಅವರು ನನಗಿಂತ ಉಬ್ಬಿಹೋಗಿ, ಸೋಮವಾರ ಪ್ರಾರ್ಥನೆಯಲ್ಲಿ ನೀವೇ ಮಕ್ಕಳಿಗೆ ತಿಳಿಸಬೇಕು ಎಂದು ಗೊತ್ತುಮಾಡಿದರು.

ಭಾನುವಾರ ಸಂಜೆ ನಾನು ತಾರಸಿಯಲ್ಲಿ ಭಾಷಣ ಬಾಯಿಪಾಠ ಮಾಡುತ್ತಿದ್ದಾಗ ಹೆಂಡತಿ ಮೆಟ್ಟಿಲ ಮೇಲೆ ನಿಂತು ಹೇಳಿದಳು.

“ನಿಮ್ ನಕ್ಷತ್ರ ಮಂಕಾದಾಗೆಲ್ಲ ನಮ್ ಅಡಿಗೆಮನೆ ಬಲ್ಬೂ ಮಂಕಾಯ್ತದೆ ಕಣ್ರೀ.”

ನನಗೆ ಮೈಯೆಲ್ಲ ಉರಿಯಿತು. ವಿಜ್ಞಾನ ಓದಿದವಳೇ ನೀನು ಎಂದು ರೇಗಿದೆ. ಅವಳು ಸುಮ್ಮನಾಗಲಿಲ್ಲ. ತ್ರೀ ಫೇಸ್ ಕರೆಂಟು ಬಂದು ತೋಟದ ಮೋಟರುಗಳೆಲ್ಲ ಶುರುವಾದರೆ ಮಂಕು, ಹೋದ ಕೂಡಲೇ ಝಗ್ ಅನ್ನುತ್ತದೆ ಎಂದಳು. ಅದೂ ಅಲ್ಲದೆ ತಾನು ಪಾತ್ರೆ ತೊಳೆದು ಮುಗಿಸಿದ ಮೇಲೂ ಅದು ಅಲ್ಲೇ ಇರುತ್ತದಂತೆ, ಮುಳುಗುವುದೇ ಇಲ್ಲವಂತೆ. ಊಟಕ್ಕೆ ಕರೆದೊಡನೆ ಇಳಿದು ಹೋಗುವ ನನಗೆ ಇದು ತಿಳಿದಿರಲಿಲ್ಲ.

ಬೆಳಿಗ್ಗೆ ಎದ್ದವನೇ ಕೆರೆ ಏರಿ ದಾಟಿ ಹೋದೆ. ಊರಿನವರು ಕಾರ್ತಿಕದ ಆಕಾಶದೀಪವನ್ನು ಮನೆ ಮುಂದೆ ಬಿದಿರು ನೆಟ್ಟು ಕಟ್ಟುತ್ತಾರೆ. ಕೊಬ್ಬರಿ ವ್ಯಾಪಾರಿಯೊಬ್ಬರು ಆ ವರ್ಷ ತಮ್ಮದು ಎಲ್ಲರದಕ್ಕಿಂತ ಎತ್ತರದಲ್ಲಿರಲಿ ಎಂದು ಕಾಯಿ ಕೀಳುವವನನ್ನು ಹತ್ತಿಸಿ, ತಮ್ಮ ತೋಟದ ಅತಿ ಉದ್ದದ ಮರದ ತಲೆಗೇ ಕೆಂಪು ಬಲ್ಬು ಕಟ್ಟಿಸಿದ್ದರು. ವೈರು ಮರದುದ್ದಕ್ಕೂ ಇಳಿದಿತ್ತು.

ಪ್ರಾರ್ಥನೆಯಲ್ಲಿ ನಿಜ ಹೇಳಿದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಹೆಡ್‌ಮಾಸ್ಟರು ಕನ್ನಡಕ ಒರೆಸುವ ನೆಪದಲ್ಲಿ ತಲೆ ತಗ್ಗಿಸಿದರು. ಅಂದಿನಿಂದ ನಾನು ಬಲ್ಬು ಮೇಷ್ಟ್ರು. ನಾಚಿಕೆಯಿಂದ ತಾರಸಿ ಹತ್ತುವುದನ್ನೇ ಬಿಟ್ಟೆ.

ಒಂದೆರಡು ವಾರ ಕಳೆದಿರಬೇಕು. ಒಣಹಾಕಿದ್ದ ಬಟ್ಟೆ ತರಲು ಸಂಜೆ ಮೇಲೆ ಹೋದ ಹೆಂಡತಿ ಅಲ್ಲಿಂದಲೇ ಕೂಗಿದಳು. ಶ್ರವಣದಿಂದ ಮೂರು ಬೆರಳು ಕೆಳಗೆ ಸಣ್ಣದೊಂದು ಹೊಸದಾಗಿ ಬಂದಿದೆ, ಮೊನ್ನೆ ಇರಲಿಲ್ಲ, ಬಂದು ನೋಡಿ ಅಂದಳು.

“ಬುಡೇ, ಅದೂ ಯಾರ್ದೋ ಮನೆ ಬಲ್ಬೇ,” ಅಂದೆ. ಪೇಪರ್ ತಿದ್ದುತ್ತಿದ್ದವನು ತಲೆಯನ್ನೂ ಎತ್ತಲಿಲ್ಲ.

ಹತ್ತು ಹನ್ನೆರಡು ದಿನದ ಮೇಲೆ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿ ಓದಿದೆ. ಶ್ರವಣದ ಬಳಿ ಹೊಸ ನಕ್ಷತ್ರವೊಂದು ಬರಿಗಣ್ಣಿಗೇ ಕಾಣುವಷ್ಟು ಹೊಳೆದು, ಈಗ ಮಂಕಾಗುತ್ತಿದೆಯಂತೆ. ಕತ್ತಲಾಗುವುದನ್ನೇ ಕಾದು ತಾರಸಿಗೆ ಓಡಿದೆ. ಶ್ರವಣದ ಕೆಳಗೆ ಹೊಸದೇನೂ ಕಾಣಲಿಲ್ಲ. ಹೆಂಡತಿ ಪಕ್ಕಕ್ಕೆ ಬಂದು ಖಾಲಿ ಜಾಗಕ್ಕೆ ಬೆರಳು ಮಾಡಿದಳು.

“ಇಲ್ಲೇ ಇತ್ತು ಕಣ್ರೀ.”

ಕೆಳಗಿಳಿದು ನೋಟ್‌ಬುಕ್ಕು ತೆಗೆದೆ. ಅವಳು ಕೂಗಿದ ಸಂಜೆ ಯಾವತ್ತೆಂದು ಕೇಳಿ ಬರೆದುಕೊಂಡೆ. ‘ಕಂಡವರು’ ಅನ್ನುವಲ್ಲಿ ಅವಳ ಹೆಸರು ಬರೆದೆ.