ಮಷೀನಿಗೆ ಕಾದ ಆಚಾರ್ಯರು

ಮದುವೆಗಳ ವೀಡಿಯೊ ತೆಗೆಯಲು ಕ್ಯಾಮೆರಾ ಕೊಂಡದ್ದು ಮುಂಬಯಿಯಲ್ಲಿ. ಹೇಳಿದ ಬೆಲೆಗೆ ತಲೆಯಾಡಿಸಿದರೆ ನಾನು ಬೆಟಗೇರಿಯವನೇ ಅಲ್ಲ. ಬೆಳಿಗ್ಗೆಯಿಂದ ಜಗ್ಗಾಡಿದ ಮೇಲೆ ಅಂಗಡಿಯವ, ಪೆಟ್ಟಿಗೆ ಬೇಡವೆಂದರೆ ಇನ್ನಷ್ಟು ಇಳಿಸುತ್ತೇನೆ, ಆದರೆ ತಂಪಿನಿಂದ ಶೆಕೆಗೆ ಒಯ್ಯುವಾಗ ಅದು ಬೇಕಾಗುತ್ತದೆ ಅಂದ. ಮಾರುವವರೆಲ್ಲ ಹೀಗೇ ಹೆದರಿಸುತ್ತಾರೆಂದು ಪೆಟ್ಟಿಗೆ ಬಿಟ್ಟು, ಕ್ಯಾಮೆರಾವನ್ನು ಚಾದರದಲ್ಲಿ ಸುತ್ತಿಕೊಂಡು ಬಂದೆ. ಗದಗ ಮುಟ್ಟುವವರೆಗೂ ನನ್ನ ಜಾಣತನಕ್ಕೆ ನಾನೇ ಹಿಗ್ಗಿದ್ದೆ. ಆ ಪೆಟ್ಟಿಗೆಯ ಬೆಲೆ ತೆತ್ತವರು ವೆಂಕಣ್ಣಾಚಾರ್ಯರು. ಅದಕ್ಕೆ ಹೋದದ್ದು ಅವರ ಹೆಸರು.

ಆಚಾರ್ಯರು ನಮ್ಮ ಓಣಿಯವರು, ಮದುವೆ ಮಾಡಿಸುವವರು. ಕೈಗಡಿಯಾರದ ಮುಖವನ್ನು ಅಂಗೈ ಕಡೆಗೆ ತಿರುಗಿಸಿ ಕಟ್ಟುತ್ತಿದ್ದರು. ಹೊತ್ತು ನೋಡುವಾಗ ತೀರ್ಥ ತಗೊಳ್ಳುವವರ ಹಾಗೆ ಕೈ ಮುಂದೆ ಬರುತ್ತಿತ್ತು. ದಿನಾ ಬೆಳಿಗ್ಗೆ ರೇಡಿಯೋ ವಾರ್ತೆಗೆ ಅದನ್ನು ಹೊಂದಿಸದೆ ಹೊಸ್ತಿಲು ದಾಟಿದವರಲ್ಲ. ಶಿರಹಟ್ಟಿಯ ಮದುವೆಯೊಂದರಲ್ಲಿ ವರನ ಕಾಕಾ, ಮುಂಡರಗಿಯ ಭೀಮರಾಯರು, ಇನ್ನೂ ದಾರಿಯಲ್ಲಿದ್ದರು. ದೊಡ್ಡ ಕುಳ, ತುಸು ತಡೆಯಿರೆಂದು ಬೀಗರೆಲ್ಲ ಕೈಮುಗಿದರು. ಆಚಾರ್ಯರು ಅಂಗೈ ನೋಡಿಕೊಂಡು, "ರಾಯರು ಬಂದ ಮ್ಯಾಲೆ ಊಟಕ್ಕ ಕುಂಡ್ರಸ್ರಿ. ಹೊತ್ತಿಗೆ ಕುರ್ಚಿ ಹಾಕಿ ಕುಂಡ್ರಸಲಿಕ್ಕೆ ಬರೂದಿಲ್ಲ" ಎಂದು ಅಂತರಪಟ ಸರಿಸಿಯೇಬಿಟ್ಟರು. ರಾಯರು ಬಂದಾಗ ಎಲೆ ಹಾಕುತ್ತಿದ್ದರು.

ನನ್ನ ಮೇಲೆ ಅವರಿಗೆ ಅಕ್ಕರೆ. ನನ್ನ ಮೊದಮೊದಲ ಮದುವೆಗಳನ್ನೆಲ್ಲ ಅವರೇ ಹಿಡಿದುಕೊಟ್ಟದ್ದು. ಶಿಫಾರಸು ಮಾಡುವ ರೀತಿಯೂ ಅವರದೇ: "ಇಂವಾ ಆರತಿ ತಟ್ಟಿಗೂ ಚೌಕಾಶಿ ಮಾಡೋ ಮಗಾ. ಆದರ ಕೆಲಸ ಛಲೋ ಮಾಡ್ತಾನ."

ಅವರು ಮಾಡಿಸಿದ ಲಕ್ಷ್ಮೇಶ್ವರದ ಮದುವೆ ಜ್ಯೇಷ್ಠದಲ್ಲಿ. ಮಳೆ ಹಿಡಿದಿತ್ತು, ಕಲ್ಯಾಣಮಂಟಪದ ಒಳಗೆ ಮಂದಿಯ ಉಸಿರು, ಅಡುಗೆಮನೆಯ ಹಬೆ. ಹುಡುಗಿಯ ಅಪ್ಪ ನನ್ನ ಕ್ಯಾಮೆರಾಕ್ಕೂ ಬೀಗರ ಉಪಚಾರ ಮಾಡಿದರು. ಫಾರಿನ್ ಮಷೀನು ಬೆವರಬಾರದೆಂದು ಅದನ್ನು ವರನ ಕೋಣೆಯಲ್ಲಿ, ನೀರು ಹಾಕಿದ ಕೂಲರಿನ ಎದುರಿಗೇ ಇಡಿಸಿದರು. ನಾನು ಅಡ್ಡಿ ಹೇಳಲಿಲ್ಲ. ಇನ್ನೂ ಜೋರಾಗಿ ಬಿಡಿರೆಂದೆ.

ಮುಹೂರ್ತಕ್ಕೆ ಎತ್ತಿಕೊಂಡು ಬಂದು ಕಣ್ಣಿಟ್ಟರೆ ಎಲ್ಲ ಮಬ್ಬು. ಗಾಜು ಒರೆಸಿದೆ, ಮತ್ತೆ ಮಂಜು. ಒಳಗೂ ತೇವ ಕೂತು ಎಚ್ಚರಿಕೆಯ ಕೆಂಪು ದೀಪ ಹತ್ತಿತ್ತು. ಅದು ಆರುವ ತನಕ ಕ್ಯಾಸೆಟ್ ತಿರುಗುವುದಿಲ್ಲ. ಮಂಗಳಾಷ್ಟಕ ಕೊನೆಗೆ ಬಂದಿತ್ತು, ಮಂದಿ ಅಕ್ಕಿಕಾಳು ಹಿಡಿದು ಕೈ ಎತ್ತಿದ್ದರು. ನಾನು ಆಚಾರ್ಯರ ಮುಖ ನೋಡಿದೆ.

ಅವರು ಅಂಗೈ ನೋಡಿಕೊಂಡರು. ಕೈ ಮಗುಚಿ ತೊಡೆಯ ಮೇಲಿಟ್ಟು ಇನ್ನೊಂದು ಶ್ಲೋಕ ಎತ್ತಿದರು. ಅದು ಮುಗಿದರೆ ಮತ್ತೊಂದು. ಎತ್ತಿದ ಕೈಗಳು ಇಳಿದವು. ಮುಷ್ಟಿಯಲ್ಲಿ ಅಕ್ಕಿ ಬೆವರಿತು. ಅಂತರಪಟ ಹಿಡಿದವರು ಕೈ ಬದಲಿಸಿದರು. ದೀಪ ಆರಿತು, ನಾನು ತಲೆಯಾಡಿಸಿದೆ, ಅಕ್ಕಿಕಾಳು ಬಿದ್ದವು.

ವಾರದ ಮೇಲೆ ಹುಡುಗಿಯ ಮನೆಯಲ್ಲಿ ಕ್ಯಾಸೆಟ್ ಹಾಕಿದೆವು. ಆಚಾರ್ಯರಿಗೆ ಎದುರಿಗೇ ಕುರ್ಚಿ. ಭೀಮರಾಯರು ಆ ಮನೆಗೂ ನೆಂಟರು, ಮದುವೆಯಲ್ಲಿ ನಾನು ಗಾಜು ಒರೆಸುವುದನ್ನು ಕಂಡವರು, ಅವರೂ ಇದ್ದರು. ಚಿತ್ರ ಬಲು ಚಂದ ಬಂದಿತ್ತು. ಅಕ್ಕಿಕಾಳು ಬೀಳುವಾಗ ವಧೂವರರ ಹಿಂದಿನ ಗೋಡೆಯ ಗಡಿಯಾರವೂ ಅಷ್ಟೇ ಚಂದ ಬಂದಿತ್ತು: ಲಗ್ನಪತ್ರಿಕೆಯ ಮುಹೂರ್ತ ದಾಟಿ ಕಾಲು ತಾಸು. ಮೊದಲು ನೋಡಿದವರು ರಾಯರೇ.

"ನನಗ ಕಾಯಲಿಲ್ಲ. ಮಷೀನಿಗೆ ಕಾದ್ರಲ್ರಿ ಆಚಾರ್ರ?"

ನಗುತ್ತಲೇ ಅಂದರು. ಎಲ್ಲರೂ ನಕ್ಕರು, ಹುಡುಗಿಯ ತಾಯಿಯೊಬ್ಬಳನ್ನು ಬಿಟ್ಟು. ನಾನು ಎದ್ದು ನಿಂತು ಕೂಲರು, ಪೆಟ್ಟಿಗೆ, ಚೌಕಾಶಿ ಎಲ್ಲ ಹೇಳತೊಡಗಿದೆ. ಆಚಾರ್ಯರು ಕೈಯೆತ್ತಿ ತಡೆದರು. "ಮಷೀನು ನಿನ್ನ ಕೈಯಾಗಿತ್ತು. ಮುಹೂರ್ತ ನನ್ನ ಕೈಯಾಗಿತ್ತು. ಕುಂಡ್ರು."

ರಾಯರ ಮಾತು ಮುಂಡರಗಿಯಿಂದ ಗದಗಿನವರೆಗೆ ಓಡಾಡಿತು. ಎಲ್ಲಿ ಹೋದರೂ, ಆಚಾರ್ರ, ಇವತ್ತ ಯಾವ ಮಷೀನಿಗೆ ಕಾಯೂದು ಎಂದು ಕೇಳುವವರೇ. ಆ ವರ್ಷವೇ ಅವರು ಮದುವೆಗಳನ್ನು ಅಳಿಯನಿಗೆ ಒಪ್ಪಿಸಿ ಮನೆಯಲ್ಲೇ ಉಳಿದರು. ನನಗೆ ಮಾತ್ರ ಕೆಲಸ ಹೆಚ್ಚಿತು. ಆ ಕ್ಯಾಸೆಟ್ ನೋಡಿದವರೆಲ್ಲ ಅಂಥದೇ ಬೇಕೆಂದರು. ಆಚಾರ್ಯರ ಮನೆಯ ಮುಂದೆ ಕ್ಯಾಮೆರಾ ಹಿಡಿದು ದಾಟಲು ನಾಚಿಕೆಯಾಗಿ ಹಿಂದಿನ ಓಣಿಯಿಂದ ಹೋಗುತ್ತಿದ್ದೆ.

ಅವರು ಕೊನೆಗೆ ಸಿಕ್ಕದ್ದು ಗದಗಿನ ಕಾಯಿಪಲ್ಲೆ ಪ್ಯಾಟಿಯಲ್ಲಿ. ಕೈಯಲ್ಲಿ ಗಡಿಯಾರವಿರಲಿಲ್ಲ, ಪಟ್ಟಿಯ ಬಿಳಿ ಗುರುತು ಹಾಗೇ ಇತ್ತು. "ಮಷೀನು ಈಗೂ ಬೆವರ್ತದೇನಪಾ?" ಅಂದರು. ಇಲ್ಲ, ಹೊಸ ಪೆಟ್ಟಿಗೆ ಮಾಡಿಸಿದ್ದೇನೆ ಅಂದೆ. ಯಾಕೆ ಕಾದಿರಿ ಎಂದು ಕೇಳಿಯೂಬಿಟ್ಟೆ.

"ನಿನ್ನ ಮುಖ ನೋಡಿದೆ. ನೋಡಬಾರದಿತ್ತು."

ಮೆಂತ್ಯದ ಸೂಡನ್ನು ಚೀಲಕ್ಕೆ ಹಾಕಿಕೊಂಡು ನಡೆದರು. ಮುಂದಿನ ಮಳೆಗಾಲಕ್ಕೆ ಅವರಿರಲಿಲ್ಲ.

ಈ ಕೆಲಸಕ್ಕೆ ಇಳಿಯುವವರು ಕೇಳಿರಿ. ಕ್ಯಾಮೆರಾದ ಬೆಲೆಗೆ ಬೇಕಾದಷ್ಟು ಜಗ್ಗಾಡಿರಿ, ಪೆಟ್ಟಿಗೆ ಬಿಡಬೇಡಿರಿ. ಕೂಲರಿನ ಹತ್ತಿರ ಇಡಗೊಡಬೇಡಿರಿ, ಉಪಚಾರ ಎಷ್ಟೇ ಇರಲಿ. ತಂಪಿನಿಂದ ಶೆಕೆಗೆ ತರುವುದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಬಿಗಿದು, ತಾಸು ಮೊದಲೇ ತಂದಿಡಿರಿ. ತೇವ ಚೀಲದ ಮೇಲೆ ಕೂರುತ್ತದೆ. ಗಾಜನ್ನು ಧೋತರದ ಚುಂಗಿನಿಂದ ಉಜ್ಜಬೇಡಿರಿ. ಇಷ್ಟಾದರೂ ಕೆಂಪು ದೀಪ ಹತ್ತಿದರೆ ಕ್ಯಾಮೆರಾ ಕೆಳಗಿಟ್ಟು, ನೀವೂ ನಾಲ್ಕು ಅಕ್ಕಿಕಾಳು ಹಿಡಿದು ತಲೆ ತಗ್ಗಿಸಿ ನಿಲ್ಲಿರಿ. ಆಚಾರ್ಯರ ಮುಖ ನೋಡಬೇಡಿರಿ.