ಎಡಗೈಯಲ್ಲಿ ಬಡಿದ ರೊಟ್ಟಿ

ನನ್ನ ಮಗಳ ಎದೆ ಕೊಯ್ದು ತೆಗೆದ ಮೇಲೆ ನಮ್ಮ ಬೀಗತಿ ಅವಳನ್ನು ಒಲೆಯಿಂದಲೂ ಕೂಸಿನಿಂದಲೂ ದೂರ ಇಟ್ಟದ್ದು ಹೇಸಿಕೆಯಿಂದಲ್ಲ, ಎರಡನೆಯ ಸೊಸೆ ತರುವುದಕ್ಕೂ ಅಲ್ಲ. ಬೀಗತಿಯ ಎದೆಯಲ್ಲೂ ಗಂಟು ಎದ್ದಿತ್ತು. ಅದು ಅಂಟುರೋಗವೆಂದು ತಪ್ಪು ತಿಳಿದು ಬಾಯಿ ಮುಚ್ಚಿಕೊಂಡಿದ್ದಳು. ನಡೆದದ್ದು ಇಷ್ಟೇ. ಊರವರು ಹೇಳುವ ಉಳಿದ ಕತೆಯೆಲ್ಲ ಸುಳ್ಳು.

ಮಗಳನ್ನು ಗೊಳಸಂಗಿಗೆ ಕೊಟ್ಟಿದ್ದೆವು. ಬಿಜಾಪುರದ ದವಾಖಾನೆಯಲ್ಲಿ ಆಪರೇಶನ್ ಆಗಿ, ಆಮೇಲಿನ ಔಷಧಿಗೆ ತಲೆಗೂದಲು ಉದುರಿ ಅವಳು ಗಂಡನ ಮನೆಗೆ ಮರಳಿದ್ದಳು. ಸಿಂದಗಿಯಿಂದ ನೋಡಲು ಹೋದೆ. ಪಡಸಾಲೆಯ ಮೂಲೆಯಲ್ಲಿ ಅವಳಿಗೆ ಬೇರೆ ತಾಟು, ಬೇರೆ ತಂಬಿಗೆ, ಹೊದೆಯಲು ಬೇರೆ ಕೌದಿ. ಮೊಮ್ಮಗಳು ಇನ್ನೂ ಸಣ್ಣವಳು. ತಾಯಿ ಕರೆದರೆ ಕಂಬ ಹಿಡಿದು ನಿಂತು ನೋಡುತ್ತಿದ್ದಳು.

“ಯಾಕ ಹೋಗವಲ್ಲಿ ನಿಮ್ಮವ್ವನ ಹತ್ರ?” ಎಂದೆ.

“ರೋಗ ಹತ್ತತೈತಂತ, ಆಯಿ.”

“ಯಾರು ಹೇಳಿದ್ರು?”

ಹುಡುಗಿ ಅಡುಗೆಮನೆಯ ಕಡೆ ನೋಡಿದಳು.

ಹೂವಿನ ಹಿಪ್ಪರಗಿಯಿಂದ ಬೀಗತಿಯ ತಮ್ಮ ಮೇಲಿಂದ ಮೇಲೆ ಬಂದು ಹೋಗುತ್ತಿದ್ದ. ಅವನಿಗೆ ಲಗ್ನಕ್ಕೆ ಬಂದ ಮಗಳಿದ್ದಳು. ಅಳಿಯ ನನ್ನ ಕಣ್ಣು ತಪ್ಪಿಸಿ ಹೊಲಕ್ಕೆ ಹೋಗುತ್ತಿದ್ದ. ಇದಕ್ಕೆಲ್ಲ ಅರ್ಥ ಹಚ್ಚಲು ಶಾಲೆ ಕಲಿತಿರಬೇಕೇನು?

ಎರಡನೆಯವಳನ್ನು ತರುತ್ತಾರೆಂದು ಮಗಳ ಕಿವಿಗೆ ಹಾಕಿದೆ. “ತಂದ್ರ ತರ್ಲಿ ಬಿಡ ಯವ್ವಾ,” ಎಂದಳು. “ಕೂಸಿನ ತಲಿ ಹಿಕ್ಕಾಕ ನನಗ ಬಿಟ್ರ ಸಾಕು.”

ಆ ಸಂಜೆ ಬೀಗತಿ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತ ಕೂತಿದ್ದೆ. ಹುಟ್ಟಿದಾಗಿನಿಂದ ರೊಟ್ಟಿ ಬಡಿದವಳ ಸಪ್ಪಳ ಅದಾಗಿರಲಿಲ್ಲ. ಒಂದು ಬಡಿತ ಬೀಳುತ್ತಿತ್ತು, ಇನ್ನೊಂದು ತಡವರಿಸುತ್ತಿತ್ತು. ಒಳಗೆ ಹೋಗಿ ನೋಡಿದೆ. ಎಡಗೈಯಲ್ಲಿ ಬಡಿಯುತ್ತಿದ್ದಳು. ರೊಟ್ಟಿಯ ಅಂಚು ಹರಿದಿತ್ತು. ಬಲತೋಳು ಪಕ್ಕೆಗೆ ಒತ್ತಿಕೊಂಡಿತ್ತು. ಆಪರೇಶನ್ನಿಗೆ ಮುಂಚೆ ನನ್ನ ಮಗಳೂ ತೋಳನ್ನು ಹಾಗೇ ಹಿಡಿಯುತ್ತಿದ್ದಳು.

“ಬಲಗೈ ಏನಾಗೇತ್ರಿ ಅಕ್ಕಾರ?”

“ಏನಿಲ್ರಿ. ಉಳುಕೇತಿ.”

“ಕುಬಸ ಬಿಚ್ರಿ, ಎಣ್ಣಿ ಹಚ್ಚಿ ತಿಕ್ಕತೇನಿ.”

“ನಿಮಗ್ಯಾಕ್ರಿ ಆ ಉಸಾಬರಿ? ಬೀಗರು ಬಂದ್ರ ಉಂಡು ಹೋಗ್ಬೇಕು.”

“ಉಣ್ಣಾಕ ರೊಟ್ಟಿನರ ನೆಟ್ಟಗ ಆಗಬೇಕಲ್ರಿ!”

ಬಾಗಿಲು ಹಾಕಿ ಅದಕ್ಕೇ ಬೆನ್ನು ಕೊಟ್ಟು ಕೂತೆ. ತವೆಯ ಮೇಲಿನ ರೊಟ್ಟಿ ಕರಿದಾಯಿತು. ಕೊನೆಗೆ ಕುಬಸದ ಗಂಟು ಬಿಚ್ಚಿದಳು. ಕಂಕುಳ ಬಳಿ ಅಡಿಕೆಯಷ್ಟು ಗಂಟು, ಕಲ್ಲಿನಂತೆ ಗಟ್ಟಿ. ಸುತ್ತಲೂ ಸೊಪ್ಪಿನ ಹಸಿರು ಕಲೆ. ತಮ್ಮ ತಂದುಕೊಡುತ್ತಿದ್ದದ್ದು ಈ ಸೊಪ್ಪು ಎಂದಳು. ಕಲೆ ಕಣ್ಣಿಗೆ ಬಿದ್ದದ್ದರಿಂದ ನಂಬಿದೆ. ಬರೀ ಬಾಯಿಮಾತಾಗಿದ್ದರೆ ನಂಬುತ್ತಿರಲಿಲ್ಲ.

“ಆಕಿ ಬಿಟ್ಟ ಅನ್ನ ಉಂಡಿದ್ದೆ. ಅದಕ್ಕ ನನಗೂ ಹತ್ತೇತಿ,” ಎಂದಳು. “ಕೂಸಿಗೂ ಹತ್ತಿದ್ರ? ನಾನೂ ಅದನ್ನ ಎತ್ತಿಕೊಳ್ಳಂಗಿಲ್ರಿ.”

“ಹತ್ತೂದಿದ್ರ ಮೊದಲ ನಿಮ್ಮ ಮಗಗ ಹತ್ತತಿತ್ತು. ಇದು ಹತ್ತೂ ರೋಗಲ್ಲ ಅಂತ ಡಾಕ್ಟರು ನನ್ನ ಮುಂದ ಹೇಳ್ಯಾರ.”

“ನಿಮ್ಮ ಸಮಾಧಾನಕ್ಕ ಹೇಳಿರ್ತಾರ.”

“ಹಂಗಾರ ನೀವ ಕೇಳಾಕ ಬರ್ರಿ.”

“ಹಬ್ಬ ಆಗ್ಲಿ, ಹೋದ್ರಾತು.”

ಆ ‘ಹೋದ್ರಾತು’ ನನಗೆ ಗೊತ್ತು. ಹಾಗಂದವರು ಹೋಗುವುದಿಲ್ಲ. ಬಾಗಿಲು ತೆಗೆದು ಮೊಮ್ಮಗಳ ಕೈಗೆ ಹಣಿಗೆ ಕೊಟ್ಟು, ಅವಳ ತಾಯಿಯ ಮುಂದೆ ಕೂಡಿಸಿದೆ. ಬೀಗತಿ ಹೊಸ್ತಿಲಲ್ಲಿ ನಿಂತು ನೋಡಿದಳು, ಬೇಡವೆನ್ನಲಿಲ್ಲ.

ಮರುದಿನ ಮುಂಜಾನೆ ಅಳಿಯನಿಗೆ ಎಲ್ಲ ಹೇಳಿ, ಬೀಗತಿಯನ್ನು ಬಿಜಾಪುರದ ಬಸ್ಸಿಗೆ ಹತ್ತಿಸಿದೆ. ಕಿಟಕಿಯ ಕಡೆ ಅವಳನ್ನು ಕೂಡಿಸಿ, ನಡುವೆ ಎದ್ದು ಇಳಿಯದಂತೆ ಈ ಕಡೆ ನಾನು ಕೂತೆ.