ಮೈಕಿಗೆ ಮಾಡಿಸಿದ ಪೂಜೆ

ದಸರೆಯ ಮರುದಿನ ಹುಣಸೆಹಣ್ಣು ಹಚ್ಚಿ ಆರತಿ ತಟ್ಟೆ ತಿಕ್ಕುತ್ತಿದ್ದೆ. ಶಾಮರಾಯರು ಬಾಗಿಲಲ್ಲಿ ಬಂದು ನಿಂತರು. ನಮ್ಮ ವಾಡೆಯಲ್ಲೇ ಬಾಡಿಗೆಗಿದ್ದಾರೆ, ನಮ್ಮವರು ದುಡಿಯುವ ಸಿನೆಮಾ ಸ್ಟುಡಿಯೊದಲ್ಲಿ ಕಾರಕೂನರು.

"ವೈನೀ, ಮೈಕು ಕೆಟ್ಟದರಿ. ಮಾಲಕರು ಭಾಳ ಸಿಟ್ಟಿಗೆದ್ದಾರ. ನಿಮ್ಮ ರಾಯರ ನೌಕರಿ ಉಳೀತದೋ ಇಲ್ಲೋ."

"ಅಯ್ಯ, ಮೊನ್ನೆ ತನಕ ಛಲೋ ಇತ್ತಲ್ರಿ?"

"ಪೂಜಾ ಆಗೂತನಕ ಛಲೋ ಇತ್ರಿ. ರಾಯರು ನೈವೇದ್ಯ ತರಲಿಕ್ಕೆ ಹೋದಾಗ ಭಟ್ಟರು ಅದರ ಮುಂದನ ನಿಂತು ಶಂಖ ಊದಿದ್ರಂತ. ಅದರ ಚೀಲ ಯಾರು ತೆಗೆದ್ರು ಅಂತ ಈಗ ವಿಚಾರಣೆ ನಡದದ."

ತಟ್ಟೆ ಕೆಳಗಿಟ್ಟೆ.

ಆ ಮೈಕನ್ನು ನೋಡಿಕೊಳ್ಳುವುದೇ ನಮ್ಮವರ ಕೆಲಸ. ಅದರೊಳಗೆ ಅಯಸ್ಕಾಂತ, ಅಯಸ್ಕಾಂತದ ನಡುವೆ ದನಿ ಹಿಡಿಯುವ ಅಲ್ಯುಮಿನಿಯಂ ರಿಬ್ಬನ್. ಪೇಢೆಗೆ ಹಚ್ಚುವ ಬೆಳ್ಳಿಯ ವರ್ಖದಷ್ಟು ತೆಳುವಂತೆ! ಮಲಗಿಸಿಟ್ಟರೆ ರಿಬ್ಬನ್ ಜೋತುಬೀಳುತ್ತದೆ. ಕಬ್ಬಿಣದ ಪುಡಿ ಹತ್ತಿರ ಬಂದರೆ ಅಯಸ್ಕಾಂತ ಒಳಗೆ ಎಳೆದುಕೊಳ್ಳುತ್ತದೆ. ಕೆಲಸ ಮುಗಿದೊಡನೆ ಗಾಳಿ, ಧೂಳು ತಾಗದಂತೆ ಚೀಲ ತೊಡಿಸಬೇಕು. ಎದುರಿಗೆ "ಫೂ" ಎಂದು ಊದಿದರಂತೂ ಮುಗಿಯಿತು, ರಿಬ್ಬನ್ ಹರಿದಂತೆಯೇ. (ಬಾಣಂತಿಗೂ ಇಷ್ಟು ಕಟ್ಟಳೆ ಇಲ್ಲವಲ್ಲ ಎಂದು ನಾನೇ ಎಷ್ಟೋ ಸಲ ನಕ್ಕಿದ್ದೇನೆ.)

ಖಂಡೇನವಮಿಗೆ ಸ್ಟುಡಿಯೊದ ಸಾಮಾನುಗಳಿಗೆಲ್ಲ ಪೂಜೆ. ಅಂದು ಇವರು ಹೊರಟಾಗ ಕೈಯಲ್ಲಿ ಕುಂಕುಮ ಕೊಟ್ಟು ಹೇಳಿದವಳು ನಾನು: "ಮೈಕಿನ ಚೀಲ ತೆಗೀರಿ ಮತ್ತ. ಮುಸುಕು ಹಾಕಿದ ಮಾರಿಗೆ ಯಾರಾದ್ರೂ ಪೂಜಾ ಮಾಡ್ತಾರೇನು?"

ಪಾಪ, ತೆಗೆದಿದ್ದಾರೆ.

ಕೈ ತೊಳೆದು ದೇವರ ಮುಂದೆ ಕೂತೆ. ಆದರೆ ಏನೆಂದು ಬೇಡಲಿ? ಚೀಲ ತೆಗೆಸಿ ಪೂಜೆ ಮಾಡಿಸಿದವಳೇ ನಾನಲ್ಲವೇ?

ನಾಲ್ಕು ಗಂಟೆಗೆ ಇವರು ಬಂದರು. ಮುಖ ನೋಡಿದೆ. ಏನೂ ತಿಳಿಯಲಿಲ್ಲ. (ಇವರ ಮುಖ ಗೆದ್ದರೂ ಒಂದೇ, ಸೋತರೂ ಒಂದೇ.)

"ನೌಕರಿ?"

"ಅದ. ಮೊದಲು ಚಹಾ ಕೊಡು."

ಚಹಾ ಕುಡಿಯುತ್ತಾ ಹೇಳಿದರು. ಸ್ಟುಡಿಯೊದ ಪೆಟ್ಟಿಗೆಯಲ್ಲಿ ಒಂದೇ ಒಂದು ಹೊಸ ರಿಬ್ಬನ್ ಉಳಿದಿತ್ತಂತೆ. ಫ್ಯಾನ್ ಬಂದ್ ಮಾಡಿ, ಉಸಿರು ಬಿಗಿಹಿಡಿದು, ಹಿತ್ತಾಳೆಯ ಚಿಮಟದಿಂದ ತಾವೇ ಕೂರಿಸಿದರಂತೆ. ಮೈಕು ಮತ್ತೆ ಮಾತಾಡಿತು. ಮಾಲಕರ ಸಿಟ್ಟೂ ಇಳಿಯಿತು.

"ಆದ್ರ ಇನ್ನು ಹರಿದ್ರ ದೇವರs ಗತಿ. ಯುದ್ಧ ಮುಗಿಯೂತನಕ ಪರದೇಶದಿಂದ ಬ್ಯಾರೇದು ಬರೂದಿಲ್ಲ."

"ನಾನು ಹೇಳಿದ್ದಕ್ಕ ಚೀಲ ತೆಗೆದ್ರಿ ಅಂತ ಹೇಳಿದ್ರೇನು?"

"ನಾನs ತೆಗೆದೆ ಅಂದೆ. ನೀ ದೇವರ ಮುಂದ ಹೇಳ್ಕೊಂಡಿರ್ತಿ. ಮಾಲಕರ ಮುಂದ ಮತ್ತ್ಯಾಕ?"

ನನಗೆ ನಗುವೂ ಬಂತು, ಕಣ್ಣೂ ತುಂಬಿತು. ಪೆಟ್ಟಿಗೆಯಲ್ಲಿ ಒಂದು ರಿಬ್ಬನ್ ಉಳಿಸಿದ್ದು ದೇವರ ದಯೆ. ಮನೆಯಲ್ಲಿ ಇಂಥ ಗಂಡನನ್ನು ಇಟ್ಟದ್ದು ಅದಕ್ಕಿಂತ ದೊಡ್ಡದು. ಎದುರಿಗೆ ಹೇಳಲಿಲ್ಲ, ಇಲ್ಲಿ ಬರೆದಿದ್ದೇನೆ.

ಕೈಮುಗಿಯುವುದು ನನಗೆ ಬರುತ್ತದೆ. ಕೈಮುಗಿಯುವ ಮೊದಲು, ಆ ವಸ್ತು ಏನನ್ನು ತಾಳುವುದಿಲ್ಲ ಎಂದು ಒಮ್ಮೆ ನೆನೆಯಲು ನನಗೇನಾಗಿತ್ತು?

ಎದ್ದು ಹಾಲಿಗೆ ಹೆಪ್ಪು ಹಾಕಿದೆ, ಅಲುಗದಂತೆ ಮೂಲೆಗಿಟ್ಟೆ.